ಎಫ್ ಅಕ್ಷರದ ಮುಂದಿನ ಸಾಲು

ಯಮುನಾ ಮೂರು ದಿನ ಕೂತು ಬರೆದದ್ದನ್ನು ಕಂಪ್ಯೂಟರ್ ಒಂದೇ ಕ್ಷಣದಲ್ಲಿ ನುಂಗಿತು. ಪರದೆಯ ಮೇಲೆ ಹಸಿರು ಅಕ್ಷರಗಳು ಏನೂ ಆಗಿಲ್ಲವೆಂಬಂತೆ ಮಿನುಗುತ್ತಿದ್ದವು.

೧೯೮೮ರ ಬೇಸಗೆ. ಶಿಗ್ಗಾಂವದ ಹೆದ್ದಾರಿ ಪಕ್ಕ, ಕಾಳಿನ ಗೋದಾಮಿನ ಮಹಡಿಯ ಮೇಲೆ ಒಂದು ಟ್ರಸ್ಟಿನ ಕಂಪ್ಯೂಟರ್ ಕೇಂದ್ರವಿತ್ತು. ನಾಲ್ಕು ತಾಲೂಕುಗಳ ಹೈಸ್ಕೂಲುಗಳ ಅಂಕಪಟ್ಟಿ ಅಲ್ಲಿ ತಯಾರಾಗಬೇಕಿತ್ತು. ಒಂದೇ ಪ್ರೋಗ್ರಾಮನ್ನು ಯಮುನಾ ಸೇರಿ ನಾಲ್ಕು ಜನ ತಿದ್ದುತ್ತಿದ್ದರು. ಒಬ್ಬರದನ್ನು ಇನ್ನೊಬ್ಬರು ಕೆಡಿಸಬಾರದೆಂದು, ಪ್ರತಿ ತಿದ್ದುಪಡಿಯ ಹಳೆಯ ಪ್ರತಿಯನ್ನೂ ಜೋಪಾನ ಮಾಡುವ ಸಾಧನವೊಂದನ್ನು ಯಂತ್ರದಲ್ಲಿ ಹಾಕಿದ್ದರು. ಅದಕ್ಕೆ ಕೊಡುವ ಆಜ್ಞೆಯ ಪಕ್ಕ ಒಂದು ಅಕ್ಷರ ಸೇರಿಸಿದರೆ ಕೆಲಸದ ರೀತಿಯೇ ಬದಲಾಗುತ್ತಿತ್ತು. ಯಾವ ಅಕ್ಷರಕ್ಕೆ ಏನರ್ಥ ಎಂಬ ಹಾಳೆ ಗೋಡೆಯ ಮೇಲಿತ್ತು.

‘ಎಲ್: ಬೀಗ. ಎಫ್: ಒತ್ತಾಯ.’ ಇಷ್ಟೇ.

ಒತ್ತಾಯವೆಂದರೆ ತನ್ನ ಬರಹವನ್ನು ಒತ್ತಾಯದಿಂದ ಉಳಿಸಿಕೊಳ್ಳುವುದು ಎಂದುಕೊಂಡು ಆಕೆ ಎಫ್ ಒತ್ತಿದ್ದಳು. ಸಾಧನ ಹಳೆಯ ಪ್ರತಿಯನ್ನು ತಂದು ಅವಳ ಬರಹದ ಮೇಲೇ ಹೊದಿಸಿಬಿಟ್ಟಿತ್ತು. ಅಳು ಬಂತು. ಅಳುವ ಬದಲು ಕೆಂಪು ಪೆನ್ನು ತೆಗೆದುಕೊಂಡು ಹಾಳೆಯ ಮೇಲೆ ಬರೆದಳು: ‘ಯಾರ ಮೇಲೆ ಒತ್ತಾಯ? ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ?’

ಮರುದಿನ ಅವಳು ಸವಣೂರ ಬಸ್ಸು ಇಳಿದು ಮೇಲೆ ಬಂದಾಗ, ತೋಳು ಮಡಚಿದ ಬಿಳಿ ಅಂಗಿಯ ಗಂಡಸೊಬ್ಬ ಆ ಕೆಂಪು ಸಾಲನ್ನು ಓದುತ್ತ ನಿಂತಿದ್ದ. ಮುಖ ಹೊಸದು. ತರಬೇತಿಗೆ ಬಂದವನಿರಬೇಕೆಂದುಕೊಂಡು ಎಚ್ಚರಿಸಿದಳು.

“ಆ ಹಾಳೀನ ನಂಬಬ್ಯಾಡ್ರಿ. ಬರದಾಂವ ಜನ್ಮದಾಗ ಏನೂ ಕಳಕೊಂಡಿಲ್ಲ ಅಂತ ಕಾಣಸ್ತದ.”

ಅವನು ತಿರುಗಿದ. ಕಣ್ಣಿನ ಅಂಚಿನಲ್ಲಿ ನಗು ಸುಳಿದು, ಅವಳ ಮುಖ ಕಂಡು ಅಲ್ಲೇ ಆರಿತು.

“ಬರದಾಂವ ನಾನ ರೀ. ವಿಠ್ಠಲ. ಹಾನಗಲ್ಲದಾಂವ.”

ಅವಳು ಕೆಲಸಕ್ಕೆ ಸೇರುವ ಮೊದಲೇ ಸಾಧನವನ್ನು ಹೊಂದಿಸಿಕೊಟ್ಟು, ಒಂದು ತಿಂಗಳು ಧಾರವಾಡದಲ್ಲಿದ್ದು ಅಂದೇ ಮರಳಿದ್ದನಂತೆ. ಅವಳು ನಾಚಿಕೆಯಿಂದ ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು. ಅವನು ವಾದಿಸಲಿಲ್ಲ. ಕುರ್ಚಿ ಎಳೆದುಕೊಂಡು, ಅವಳಿಗೆ ನೆನಪಿದ್ದಷ್ಟು ಹೇಳಲು ಹೇಳಿ, ತಾನೇ ಟೈಪ್ ಮಾಡಿದ. ಎರಡು ದಿನಕ್ಕೆ ಮೂರು ದಿನದ ಕೆಲಸ ಮರಳಿ ಬಂತು.

ಆಮೇಲೆ ಅವನೇ ಕೇಂದ್ರದ ಮುಖ್ಯಸ್ಥ ಹುಸೇನಸಾಬರ ಬಳಿ ಹೋಗಿ ಹಾಳೆಯನ್ನು ಹೊಸದಾಗಿ ಬರೆಯುವುದಾಗಿಯೂ, ಅದಕ್ಕೆ ಯಮುನಾಬಾಯಿಯವರು ಜೊತೆಗೆ ಬೇಕೆಂದೂ ಹೇಳಿದ. ಅವರಿಗೆ ತಿಳಿದರೆ ಎಲ್ಲರಿಗೂ ತಿಳಿಯುತ್ತದೆ ಎಂದನಂತೆ.

“ಅಂದ್ರ ನಾ ಅಷ್ಟು ದಡ್ಡಿ?” ಎಂದು ಅವಳು ಅವನನ್ನೇ ಕೇಳಿದಳು.

“ಅಲ್ರೀ. ನೀವೊಬ್ರ ಕೇಳಿದ್ರಿ. ಉಳದವ್ರೆಲ್ಲಾ ಸುಮ್ನ ಕಳಕೊಂಡು ಕೂತ್ರು.”

ದಿನಾ ಊಟದ ನಂತರದ ಒಂದು ತಾಸು ಅವರದಾಯಿತು. ಒಂದೊಂದು ಅಕ್ಷರವನ್ನೂ ಪರೀಕ್ಷೆಗೆಂದೇ ಮಾಡಿದ ಸುಳ್ಳು ಕಡತವೊಂದರ ಮೇಲೆ ಪ್ರಯೋಗಿಸಿ ನೋಡುತ್ತಿದ್ದರು. ಅವನು ವಿವರಿಸುವನು, ಇವಳು ಅಡ್ಡ ಕೇಳುವಳು. ಬೇರೆಯವರು ತಿದ್ದದಂತೆ ಬೀಗ ಹಾಕಿದವರು ರಜೆ ಹೋದರೆ? ತಿದ್ದಿದ್ದನ್ನು ಸಾಧನಕ್ಕೆ ಒಪ್ಪಿಸಿದ ಮೇಲೆ ನನ್ನ ಕಡತವೇ ಮಾಯವಾದರೆ ಎದೆ ಒಡೆಯುವುದಿಲ್ಲವೇ? ಅವನು ಪೆನ್ನು ಹಲ್ಲಿಗೆ ತಾಗಿಸಿ ಯೋಚಿಸುವಾಗ ಅವಳು ಕಿಟಕಿಯತ್ತ ನೋಡುವ ನೆಪದಲ್ಲಿ ಅವನನ್ನು ನೋಡುತ್ತಿದ್ದಳು. ಅವನ ಹಣೆಯ ಮೇಲೆ ಬೆಳಗಿನ ಪೂಜೆಯಲ್ಲಿ ಹಚ್ಚಿದ ಅಂಗಾರದ ಕಪ್ಪು ಗೆರೆ ಮಧ್ಯಾಹ್ನಕ್ಕೆ ಅರ್ಧ ಅಳಿಸಿರುತ್ತಿತ್ತು. ಅದೇಕೋ ಅವಳಿಗೆ ಇಷ್ಟವಾಗುತ್ತಿತ್ತು.

ಒಮ್ಮೆ ಸವಣೂರಿನ ಖಾರಾ ತಿಂಡಿಯ ಪೊಟ್ಟಣ ತಂದಿದ್ದಳು. ಅವನು ತಿಂದು ಕಣ್ಣೀರು ಸುರಿಸುತ್ತ, ಖಾರ ಅಷ್ಟೇನಿಲ್ಲ ಎಂದ. ಅವಳು ಎಷ್ಟೋ ವರ್ಷಗಳ ನಂತರ ಬಾಯಿಗೆ ಸೆರಗು ಹಿಡಿದು ನಕ್ಕಳು.

ಪ್ರತಿ ತಿದ್ದುಪಡಿ ಒಪ್ಪಿಸುವಾಗಲೂ ಸಾಧನ, ಏನು ಬದಲಿಸಿದಿರಿ ಎಂದು ಕೇಳುತ್ತಿತ್ತು. ಒಂದು ಸಾಲು ಬರೆಯಬೇಕಿತ್ತು. ಒಂದು ಮಧ್ಯಾಹ್ನ ಆ ಸಾಲುಗಳ ಪಟ್ಟಿ, ಅಂದರೆ ಸುಳ್ಳು ಕಡತದ ಚರಿತ್ರೆ, ತೆಗೆದಾಗ ಅವನ ಹೆಸರಿನ ಮುಂದೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಕನ್ನಡ ಸಾಲು ಕಂಡಿತು: ‘ಇವತ್ತು ತಿಳಿನೀಲಿ ಸೀರೆ. ಕೆಲಸದಲ್ಲಿ ಲಕ್ಷ್ಯವಿಲ್ಲ.’

ಅವಳ ಕಿವಿ ಬಿಸಿಯಾಯಿತು. ಮರುಕ್ಷಣ ಭಯವೂ ಬಂತು. ಇದನ್ನು ಯಾರು ಬೇಕಾದರೂ ಓದಬಹುದು.

“ವಿಠ್ಠಲರಾವ್, ನಿಮಗ ಗೊತ್ತಿಲ್ಲ ಅಂತ ಕಾಣಸ್ತದ,” ಎಂದಳು, ಪರದೆಯಿಂದ ಕಣ್ಣು ತೆಗೆಯದೆ. “ನಮ್ಮ ಯಜಮಾನ್ರು ಹೋಗಿ ಆರು ವರ್ಷಾತು. ನಾ ಅತ್ತೀ ಮನ್ಯಾಗ ಇರ್ತೇನಿ. ಹಣಿಗೆ ಟಿಕಳಿ ಹಚ್ಚಕೋ ಅಂತ ಅತ್ತಿಯವ್ರ ಹಟಾ ಮಾಡ್ಯಾರ, ಅದಕ್ಕ ಹಚ್ಚಕೊಂಡೇನಿ.”

ಅವನು ಸುಳ್ಳು ಕಡತವನ್ನು ಚರಿತ್ರೆ ಸಮೇತ ಅಳಿಸಿ ಎದ್ದುಹೋದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಐದನೆಯ ದಿನ ಹುಸೇನಸಾಬರು, ಅವನು ಹೋಗುವ ಮೊದಲು ಒಪ್ಪಿಸಿದ್ದೆಂದು ಹೊಸ ಹಾಳೆಗಳನ್ನು ಅವಳ ಮೇಜಿನ ಮೇಲಿಟ್ಟರು. ಎಫ್ ಅಕ್ಷರದ ಮುಂದೆ ಈಗ ಹೀಗಿತ್ತು: ‘ನೀವು ತಿದ್ದುತ್ತಿರುವ ಪ್ರತಿಯನ್ನು ಇದು ಕೇಳದೆ ಅಳಿಸಿ, ಹಳೆಯದನ್ನು ತಂದಿಡುತ್ತದೆ. ಹೋದದ್ದು ಮರಳಿ ಬರುವುದಿಲ್ಲ. ಒತ್ತುವ ಮೊದಲು ನಿಮ್ಮ ಬರಹವನ್ನು ಬೇರೆ ಹೆಸರಿನಲ್ಲಿ ತೆಗೆದಿಡಿ.’ ಏನೂ ಗೊಂದಲವಿರಲಿಲ್ಲ. ಕೆಳಗೆ ಬರೆದವರ ಹೆಸರು ಎರಡಿದ್ದವು, ಮೊದಲನೆಯದು ಅವಳದು. ಹಾಳೆಗಳನ್ನು ಅವಳು ಗೋಡೆಗೆ ಅಂಟಿಸಿದಳು. ಹೋಗಲಿ, ಕೆಲಸವಾದರೂ ಚೆನ್ನಾಗಿ ಆಯಿತು ಎಂದು ತನಗೆ ತಾನೇ ಹೇಳಿಕೊಂಡಳು.

ಶನಿವಾರ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಹಾನಗಲ್ ಬಸ್ಸಿನಿಂದ ಅವನು ಇಳಿದ. ಕೈಯಲ್ಲಿ ಚೀಲ, ಗಡ್ಡ ಎರಡು ದಿನದ್ದು. ನೇರ ಅವಳ ಬಳಿ ಬಂದ.

“ಲಗ್ನಕ್ಕ ನಿಮ್ಮನ್ನ ಕೇಳೂಕಿಂತ ಮೊದ್ಲ ನಮ್ಮ ಮನ್ಯಾಗ ಹೇಳಬೇಕಿತ್ತು. ನಿಮಗ ಆಶಾ ಹಚ್ಚಿ, ಆಮ್ಯಾಲ ನಮ್ಮವ್ರು ಒಪ್ಪಲಿಲ್ಲ ಅಂತ ಹಿಂದ ಸರದ್ರ, ನಾ ಮನಶ್ಯಾನ ಅಲ್ಲ.”

“ಏನಂದ್ರು?”

“ಅವ್ವ ಅತ್ಲು. ಅಪ್ಪ ಮೂರು ದಿನಾ ಮಾತಾಡ್ಲಿಲ್ಲ. ನಿನ್ನೆ ರಾತ್ರಿ, ಆ ಹುಡಿಗಿ ಒಪ್ಯಾಳೇನು, ಅಂದ್ರು. ಇನ್ನೂ ಕೇಳಿಲ್ಲ ಅಂದೆ. ಹಂಗಾರ ಮೊದ್ಲ ಹೋಗಿ ಕೇಳು ಅಂದ್ರು. ಕೇಳ್ಳಿಕ್ಕೆ ಬಂದೇನ್ರಿ.”

ಸವಣೂರ ಬಸ್ಸು ಹಾರ್ನ್ ಹೊಡೆಯಿತು. ಅವಳು ಹತ್ತಲಿಲ್ಲ.

“ನಾ ನಮ್ಮ ಅತ್ತೀನ ಬಿಟ್ಟು ಎಲ್ಲೂ ಬರೂದಿಲ್ಲ.”

“ಬಿಡ್ರಿ ಅಂತ ಯಾರಂದ್ರು?”

ಅವಳು ತಲೆ ಎತ್ತಿದಳು. ಈ ಸಲ ಕಿಟಕಿಯ ನೆಪವಿರಲಿಲ್ಲ. ಹೂಂ ಎಂದದ್ದು ಅವಳಿಗೇ ಕೇಳಿಸಲಿಲ್ಲ, ಅವನಿಗೆ ಕೇಳಿಸಿತು.

ಆ ರಾತ್ರಿ ಅತ್ತೆ ಗೋಪಿಕಾಬಾಯಿಗೆ ಎಲ್ಲವನ್ನೂ ಹೇಳಿದಳು. ಅವರು ಬಹಳ ಹೊತ್ತು ಮಗನ ಫೋಟೋದ ಕೆಳಗೆ ಕೂತರು. ಕೊನೆಗೆ, ಬುಧವಾರ ಊಟಕ್ಕೆ ಬರಹೇಳು ಎಂದಷ್ಟೇ ಹೇಳಿ ಮಲಗಿದರು. ಅದು ಒಪ್ಪಿಗೆಯೋ ಪರೀಕ್ಷೆಯೋ ಯಮುನಾಗೆ ತಿಳಿಯಲಿಲ್ಲ.

ಬುಧವಾರ ಅವನು ಅಪ್ಪನನ್ನು ಕರೆದುಕೊಂಡೇ ಬಂದ. ಪಡಸಾಲೆಯಲ್ಲಿ ಎಲೆ ಹಾಕಿತ್ತು. ಯಮುನಾ ಸೆರಗು ಸಿಕ್ಕಿಸಿ, ಅನ್ನದ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಳು. ಗೋಪಿಕಾಬಾಯಿ ಎಲೆಗಳನ್ನು ಎಣಿಸುವವರಂತೆ ನೋಡಿ, ಸೊಸೆಯ ಕೈಯಿಂದ ಪಾತ್ರೆ ಇಸಿದುಕೊಂಡರು.

“ನೀ ಯಾಕ ನಿಂತಿ? ಮೂರನೇ ಎಲಿ ನಿಂದು. ಹೋಗಿ ಅಂವನ ಮಗ್ಗಲ್ದಾಗ ಕೂಡು. ಇವತ್ತ ನಾ ಬಡಸ್ತೇನಿ.”

ಯಮುನಾ ಕೂತಳು. ಗೋಪಿಕಾಬಾಯಿ ಮೊದಲು ಅವಳ ಎಲೆಗೆ ಅನ್ನ ಬಡಿಸಿ, ಅದರ ಮೇಲೆ ತುಪ್ಪ ಹಾಕಿದರು. ಸಾಕು ಎನ್ನದೆ ಅವಳು ಮೊದಲ ತುತ್ತು ಕಲಸಿದಳು.