ಅಂಗಿಯ ಎಡತೋಳು

“ಬೇಗ ಒತ್ತಮ್ಮಾ! ಟೈಮ್ ಹೋಗ್ತಿದೆ!”

ಅಮ್ಮ ಒತ್ತಿಯೇಬಿಟ್ಟಳು. ಟಿವಿ ಪರದೆಯ ತುಂಬ ಕೆಂಪು ಅಕ್ಷರ: ‘ಪಾಸಾಗಿಲ್ಲ. ಇನ್ನು ಒಂದೇ ಅವಕಾಶವಿದೆ.’

“ಅಯ್ಯೋ!” ಎಂದು ಪಟಾಕಿ ತಲೆಯ ಮೇಲೆ ಕೈಹೊತ್ತಳು. ಬಾಯಿ ತೆರೆದರೆ ಪಟಪಟ ಸಿಡಿಯುತ್ತಾಳೆಂದು ಅಜ್ಜಿ ಅವಳಿಗೆ ಇಟ್ಟ ಹೆಸರು ಅದು.

ಟಿವಿಯ ಪಕ್ಕದಲ್ಲಿ ಸೋಪಿನ ಡಬ್ಬಿಯಷ್ಟೇ ಪುಟ್ಟ ಪೆಟ್ಟಿಗೆಯೊಂದು ನೀಲಿ ದೀಪ ಮಿನುಗಿಸುತ್ತ ಕೂತಿತ್ತು. ಅದೇ ಕಂಪ್ಯೂಟರ್! ಮೂಲೆ ಅಂಗಡಿಯ ರಿಪೇರಿ ಮಾಮ ನಿನ್ನೆ ತಾನೇ ಟಿವಿಗೆ ಜೋಡಿಸಿಕೊಟ್ಟಿದ್ದ. “ಮೊಬೈಲಿಗಿಂತ ಅಗ್ಗ, ಅಕ್ಕಾ. ಮನೇಲೇ ಕೂತು ಕೆಲಸ ಮಾಡಿ” ಎಂದಿದ್ದ.

ಕೆಲಸವೆಂದರೆ ಬಟ್ಟೆಯ ಫೋಟೋಗಳಿಗೆ ಗುರುತು ಹಾಕುವುದು. ಎಡತೋಳಿಗೆ ಹಸಿರು ಗೆರೆ, ಬಲತೋಳಿಗೆ ಹಳದಿ ಗೆರೆ. ಅದನ್ನು ನೋಡಿ ಯಾವುದೋ ದೂರದೂರಿನ ಯಂತ್ರ ಬಟ್ಟೆ ಗುರುತಿಸುವುದನ್ನು ಕಲಿಯುತ್ತದಂತೆ. ಪರೀಕ್ಷೆ ಪಾಸಾದರೆ ಅಮ್ಮನಿಗೆ ಕೆಲಸ. ಇಲ್ಲದಿದ್ದರೆ ಸೋಮವಾರದಿಂದ ದೂರದ ಬಟ್ಟೆ ಕಾರ್ಖಾನೆ. ಪಟಾಕಿ ಏಳುವ ಮೊದಲೇ ಹೋಗಬೇಕು, ಅವಳು ಮಲಗಿದ ಮೇಲೆ ಬರಬೇಕು.

“ನನ್ನ ಧಾರಾವಾಹಿ ತಪ್ಪಿಸಿ ಇಲಿ ಹಿಡ್ಕೊಂಡು ಕೂತ್ರಿ. ಆ ಇಲೀನೂ ಕೈಕೊಡ್ತಾ?” ಎಂದಳು ಅಜ್ಜಿ, ಅಮ್ಮನ ಕೈಯಲ್ಲಿದ್ದ ಮೌಸ್ ನೋಡಿ.

“ಇಷ್ಟು ವರ್ಷ ತೋಳು ಹೊಲಿದವಳಿಗೆ ಎಡಬಲ ಗೊತ್ತಿಲ್ವಾ?” ಅಮ್ಮನ ಮುಖ ಸಣ್ಣದಾಯಿತು.

ಪಟಾಕಿ ಪರದೆಗೆ ಮೂಗು ತಾಗಿಸಿ ನೋಡಿದಳು. “ಅಮ್ಮಾ, ಈ ಕಡೇದು ಎಡ ಅಲ್ವಾ? ನೀನು ಆ ಕಡೆಗೆ ಹಸಿರು ಹಾಕಿದ್ದೀಯ!”

“ಅದೇ ಸರಿ ಕಣೇ. ತೊಟ್ಟವರ ಎಡವೇ ಅಂಗಿಯ ಎಡ. ನಾವು ಹೊಲಿಯೋರು ಹೇಳೋದೇ ಹಾಗೆ.”

ಪಟಾಕಿ ಚಂಗನೆ ಹಾರಿ ಅಮ್ಮನ ಎದುರು ನಿಂತಳು. “ಎಡಗೈ ಎತ್ತು!”

ಇಬ್ಬರೂ ಎತ್ತಿದರು. ಅಮ್ಮನ ಕೈ ಕಿಟಕಿಯ ಕಡೆ, ಮಗಳ ಕೈ ಬಾಗಿಲ ಕಡೆ!

“ಸಿಕ್ತು! ಸಿಕ್ತು!” ಪಟಾಕಿ ಕುಣಿದಳು. “ಇಲ್ಲಿ ಓದು, ‘ನಿಮಗೆ ಕಾಣುವ ಎಡ’ ಅಂತಿದೆ. ನಾನು ಬೇಗ ಬೇಗ ಅಂದೆ, ನೀನು ಓದ್ಲೇ ಇಲ್ಲ.”

“ಪಾಪ, ಆ ಯಂತ್ರ ಯಾವತ್ತಾದ್ರೂ ಅಂಗಿ ತೊಟ್ಟಿದ್ರೆ ತಾನೆ ಎಡ ಯಾವ್ದು ಅಂತ ಗೊತ್ತಾಗೋದು!” ಎಂದಳು ಅಜ್ಜಿ. ಮೂವರೂ ಬಿದ್ದು ಬಿದ್ದು ನಕ್ಕರು.

“ಕೊಡು, ನಾನೇ ಮಾಡ್ತೀನಿ. ಎರಡೇ ನಿಮಿಷ!” ಪಟಾಕಿ ಮೌಸಿಗೆ ಕೈಹಾಕಿದಳು.

ಅಮ್ಮನ ಕೈ ಅಲ್ಲೇ ಇತ್ತು. “ನಾಳೆ ನೀನು ಸ್ಕೂಲಿಗೆ ಹೋದ್ಮೇಲೆ?” ಎಂದು ಮೆಲ್ಲಗೆ ಕೇಳಿದಳು.

ಪಟಾಕಿ ಕೈ ಹಿಂದೆ ತೆಗೆದುಕೊಂಡಳು.

ಪರೀಕ್ಷೆ ಮತ್ತೆ ಶುರುವಾಯಿತು. ಅಮ್ಮ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಪರದೆಯ ಮೇಲೆ ಬಾಣದ ಗುರುತು ಇರುವೆಯಂತೆ ತೆವಳಿತು. ಪಟಾಕಿಯ ಬೆರಳುಗಳು ತುರಿಸತೊಡಗಿದವು. ತಾಳಲಾರದೆ ಬೆತ್ತದ ಕುರ್ಚಿಯಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ ಅವುಗಳ ಮೇಲೇ ಕೂತಳು.

ಕೊನೆಯ ಅಂಗಿ, ಹಸಿರು ಗೆರೆಯ ಸರದಿ. ಬಾಣ ಬಲಗಡೆಗೆ ಹೋಗಿ ನಿಂತಿತು. ಅಲ್ಲಲ್ಲ! ಪಟಾಕಿ ತುಟಿ ಕಚ್ಚಿಹಿಡಿದಳು.

“ತೊಟ್ಟವರದಲ್ಲ... ನನಗೆ ಕಾಣೋದು” ಎಂದು ಅಮ್ಮ ಗೊಣಗಿಕೊಂಡಳು. ಬಾಣ ಮೆಲ್ಲನೆ ಎಡಕ್ಕೆ ಸರಿಯಿತು. ಹಸಿರು ಗೆರೆ ತೋಳನ್ನು ಹೊಲಿಗೆ ಹಾಕಿದಷ್ಟು ನೇರವಾಗಿ ಸುತ್ತಿತು.

ಟಿಕ್.

‘ಅಭಿನಂದನೆಗಳು!’

“ನಾನೇ ಮಾಡ್ದೆ! ಕಂಡ್ಯೇನೇ? ನಾನೇ ಮಾಡ್ದೆ!” ಅಮ್ಮ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದಳು.

“ಇನ್ನಾದ್ರೂ ಟಿವಿ ಕೊಡ್ತೀರಾ?” ಎಂದ ಅಜ್ಜಿಯ ಕಣ್ಣೂ ಮಿನುಗುತ್ತಿತ್ತು.

ಪಟಾಕಿ ಕೈಗಳನ್ನು ಹೊರಗೆ ತೆಗೆದಳು. ಅಂಗೈ ತುಂಬ ಕುರ್ಚಿಯ ಹೆಣಿಗೆಯ ಅಚ್ಚು ಕೆಂಪಗೆ ಮೂಡಿತ್ತು. ಅದನ್ನು ಯಾರಿಗೂ ತೋರಿಸಲಿಲ್ಲ. ಅಮ್ಮ ‘ನಾನೇ’ ಎಂದಿದ್ದನ್ನು ಇನ್ನೊಮ್ಮೆ ಕೇಳಬೇಕೆನಿಸಿ, “ಯಾರಮ್ಮಾ ಮಾಡಿದ್ದು?” ಎಂದು ಕೇಳಿದಳು.