ಮಲ್ಲಾಬಾಯಿಯ ಹೆಬ್ಬೆಟ್ಟು

ಶಹಾಪುರದ ಕೋರ್ಟಿನ ಗೇಟಿನ ಬಳಿ ಮೇಜು ಹಾಕಿಕೊಂಡು ಸೂಗಪ್ಪ ಅರ್ಜಿ ಬರೆಯತೊಡಗಿ ಮೂವತ್ತೊಂದು ವರ್ಷವಾಗಿತ್ತು. ಅಷ್ಟು ವರ್ಷ ಬೀಳದ ಬೆಂಕಿ ಅವನ ಹೊಟ್ಟೆಗೆ ಈ ಬೇಸಿಗೆಯಲ್ಲಿ ಬಿತ್ತು. ಯಾದಗಿರಿಯಿಂದ ನಾಲ್ಕು ಜನ ವಕೀಲರು ಶನಿವಾರಕ್ಕೊಮ್ಮೆ ಬಂದು, ಅವನ ಮೇಜಿನಿಂದ ಹತ್ತು ಹೆಜ್ಜೆ ದೂರದ ಬೇವಿನ ಮರದಡಿ ಬೆಂಚು ಹಾಕಿಸಿ, ಬಡವರಿಗೆ ಪುಕ್ಕಟೆ ಸಲಹೆ ಕೊಡತೊಡಗಿದರು. ಗಿರಾಕಿಗಳು ಅತ್ತ ಹೋದದ್ದಕ್ಕೆ ಅವನಿಗೆ ಅಷ್ಟೇನೂ ಸಿಟ್ಟಿರಲಿಲ್ಲ. ಅವರು ಜನರ ಹಳೆಯ ಕಾಗದಗಳನ್ನೆಲ್ಲ ಬಿಚ್ಚಿ ಗಟ್ಟಿಯಾಗಿ ಓದಿ ಹೇಳುತ್ತಿದ್ದರಲ್ಲ, ಅದು ಕಂಟಕ. ಸೂಗಪ್ಪನ ಬಾಳುವೆ ನಿಂತದ್ದೇ ಈ ಜನಕ್ಕೆ ಓದಲು ಬಾರದು ಎಂಬುದರ ಮೇಲೆ.

ಭೀಮರಾಯನಗುಡಿಯ ಕಾಲುವೆ ದಂಡೆಯಲ್ಲಿದ್ದ ಮಲ್ಲಾಬಾಯಿ ಬೆಂಚಿಗೆ ಒಯ್ದದ್ದು ಅಂಥ ಒಂದು ಕಾಗದ. ಗಂಡ ಸತ್ತ ವರ್ಷ ಆಕೆ ಪಿಂಚಣಿಯ ಅರ್ಜಿಗೆಂದು ಸೂಗಪ್ಪನ ಬಳಿ ಬಂದಿದ್ದಳು. ಅವನು ಎರಡು ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡ. ಒಂದರಿಂದ ಪಿಂಚಣಿ ಬಂತು. ಇನ್ನೊಂದು ಮುಖ್ತ್ಯಾರ ಪತ್ರವಾಗಿ, ರಸ್ತೆಗೆ ಹತ್ತಿದ ಆಕೆಯ ಜಾಗವನ್ನು ಅವನ ಹೆಸರಿಗೆ ತಿರುಗಿಸಿತು. ಈ ಬೇಸಿಗೆಯ ಮೊದಲಲ್ಲಿ ಅವನು ತಂತಿಬೇಲಿ ಹಾಕಿಸಲು ಹೋದಾಗಲೇ ಆಕೆಗೆ ಗೊತ್ತಾದದ್ದು. ಹತ್ತನೆಯ ಶನಿವಾರ ಆಕೆಯ ವಕೀಲೆ ರೇವತಿ ಸೂಗಪ್ಪನ ಮೇಜಿಗೇ ನಡೆದು ಬಂದು, ಇದ್ದ ಜನರೆಲ್ಲರ ಎದುರು ನೋಟಿಸು ಇಟ್ಟಳು.

“ಬರೂ ಸೋಮವಾರಲ್ಲ, ಅದರ ಮುಂದಿನ ಸೋಮವಾರ ಕೇಸು ಹಾಕಾಕತ್ತೀವ್ರಿ. ಜೇಲಿಗೆ ಹೋಗೂ ಕೇಸು ಐತಿ. ನೀವೂ ಒಬ್ಬ ವಕೀಲರನ್ನ ನೋಡಿಕೋರ್ರಿ. ರೊಕ್ಕ ಇಲ್ಲಂದ್ರ ನಮ್ಮ ಬೆಂಚಿಗೆ ಬರ್ರಿ.”

ಜನ ನಕ್ಕರು. ಸೂಗಪ್ಪನೂ ನಕ್ಕ. ಆ ನಗು ಮುಖದ ಮೇಲೆ ಇರುವಾಗಲೇ ಮಲ್ಲಾಬಾಯಿ ಸಾಯಬೇಕೆಂದು ಅವನು ನಿರ್ಧರಿಸಿಬಿಟ್ಟಿದ್ದ.

ಬರೀ ಸತ್ತರೆ ಸಾಲದು. ಸುರಪುರಕ್ಕೆ ಕೊಟ್ಟ ಮಗಳಿದ್ದಾಳೆ, ಅವಳು ಕೇಸು ಮುಂದುವರಿಸಬಹುದು. ಆದ್ದರಿಂದ ಸೂಗಪ್ಪ ಒಂದು ರಾಜಿಪತ್ರ ಬರೆದ. ಜಾಗವನ್ನು ಖುಷಿಯಿಂದಲೇ ಕೊಟ್ಟಿದ್ದೇನೆ, ಮಂದಿಯ ಮಾತು ಕೇಳಿ ತಕರಾರು ಎತ್ತಿದ್ದು ತಪ್ಪಾಯಿತು ಎಂದು ಮಲ್ಲಾಬಾಯಿಯೇ ಹೇಳಿದ ಹಾಗೆ, ಆಕೆಯ ಮಾತಿನ ಧಾಟಿಯಲ್ಲೇ ಬರೆದ. ಮಂಗಳವಾರದ ತಾರೀಖು ಹಾಕಿದ. ಅಡಿಯಲ್ಲಿ ಬರೆದವನ ಹೆಸರು, ‘ಬಿಕಲಂ ಸೂಗಪ್ಪ’. ಹೆಬ್ಬೆಟ್ಟಿಗೆ ಮಾತ್ರ ಜಾಗ ಖಾಲಿ ಬಿಟ್ಟ. ಅಲ್ಲಿ ಕಳ್ಳ ಗುರುತು ನಡೆಯುವುದಿಲ್ಲ ಎಂಬುದು ಅವನಷ್ಟು ಯಾರಿಗೆ ಗೊತ್ತು? ಆಕೆಯದೇ ಬೆರಳು, ಆಕೆಯದೇ ಗೆರೆ ಬೇಕು. ಯಾವ ಪರೀಕ್ಷೆಗಾದರೂ ಕಳಿಸಲಿ, ಹೌದು ಎಂದೇ ಉತ್ತರ ಬರಬೇಕು.

ಮುಳುಗಿ ಸತ್ತವರ ಪರಿಹಾರಕ್ಕೆ ಎಷ್ಟೋ ಅರ್ಜಿ ಬರೆದ ಕೈ ಅವನದು. ಪುಪ್ಪುಸದಲ್ಲಿ ನೀರಿಲ್ಲದಿದ್ದರೆ ಡಾಕ್ಟರು ಹುಬ್ಬೇರಿಸುತ್ತಾರೆ. ನೀರಲ್ಲಿ ನೆನೆದ ಬೆರಳು ಸುಕ್ಕುಗಟ್ಟಿ ಗುರುತು ಕೆಡುತ್ತದೆ. ಹಾಗಾಗಿ ಮೊದಲು ಪೆಟ್ಟು, ಆಮೇಲೆ ಗುರುತು, ಕಡೆಗೆ ನೀರು. ಈ ಕ್ರಮ ಹೊಳೆದಾಗ ಅವನಿಗೆ ತನ್ನ ಬುದ್ಧಿಯ ಮೇಲೆ ಪ್ರೀತಿಯೇ ಉಕ್ಕಿತು.

ಗುರುವಾರ ನೆತ್ತಿಯ ಮೇಲೆ ಬಿಸಿಲು ಸುರಿಯುವ ಹೊತ್ತಿಗೆ ದಂಡೆಯ ಮನೆಗಳ ಜನ ಬಾಗಿಲು ಹಾಕಿಕೊಂಡಿದ್ದರು. ಮಲ್ಲಾಬಾಯಿ ಒಬ್ಬಳೇ ಕಾಲುವೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದಳು.

“ಯಾಕ ಬಂದಿ?” ಎಂದಳು, ತಲೆ ಎತ್ತದೆ.

“ರಾಜಿ ಆಗೂನಂತ ಬಂದೀನಿ. ನಿನ್ನ ಜಾಗ ನಿನಗ ಕೊಡ್ತೀನಿ.”

“ಕೊಡೂದಿದ್ರ ವಕೀಲಬಾಯಿ ಮುಂದ ಕೊಡು. ನಿನ್ನ ಕೂಡ ಒಬ್ಬಾಕೀನ ಮಾತಾಡಿ ಒಮ್ಮೆ ಕೆಟ್ಟೀನಿ.”

ಆಕೆ ಮತ್ತೆ ಬಟ್ಟೆಗೆ ಬಾಗಿದಾಗ ಅವನು ಕಲ್ಲೆತ್ತಿ ತಲೆಯ ಹಿಂದೆ ಹೊಡೆದ. ಒಂದೇ ಏಟಿಗೆ ಬೀಳುತ್ತಾಳೆಂದು ಲೆಕ್ಕ ಹಾಕಿದ್ದ. ಆಕೆ ಮೊಣಕಾಲೂರಿ ತಿರುಗಿ, ಅವನ ಧೋತರ ಹಿಡಿದು, ಬಾಯಿ ತೆರೆದಳು. ಕೂಗು ಹೊರಡುವ ಮುನ್ನ ಎರಡನೆಯ ಏಟು ಕಿವಿಯ ಮೇಲೆ ಬಿತ್ತು. ರಕ್ತ ಒದ್ದೆ ಕಲ್ಲಿನ ಮೇಲೆ ಹರಿದು ನೀರಿಗಿಳಿಯಿತು. ಸೂಗಪ್ಪ ಶಾಯಿಯ ಡಬ್ಬಿ ತೆಗೆದು ಆಕೆಯ ಕೈ ಹಿಡಿದ. ಅರೆಪ್ರಜ್ಞೆಯಲ್ಲೂ ಆಕೆ ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಬಿಗಿದುಕೊಂಡಳು.

“ಬಿಡು, ಮುದುಕಿ!”

ಒಂದೊಂದೇ ಬೆರಳನ್ನು ಹಿಂದಕ್ಕೆ ಬಗ್ಗಿಸಿ ಬಿಡಿಸಿದ. ಕಿರುಬೆರಳು ಲಟಕ್ಕೆಂದಿತು. ಕಾಲುವೆಯ ಕಲ್ಲಿಗೆ ಬಡಿದಿರಬಹುದು ಎಂದುಕೊಳ್ಳುತ್ತಾರೆ ಬಿಡು, ಎಂದು ಮನಸ್ಸಿನಲ್ಲೇ ಉತ್ತರ ಬರೆದುಕೊಂಡ. ಹೆಬ್ಬೆರಳನ್ನು ಒರೆಸಿ, ಶಾಯಿ ಸವರಿ, ಎಡದಿಂದ ಬಲಕ್ಕೆ ಉರುಳಿಸಿ ಒತ್ತಿದ. ಗೆರೆಗಳು ಲಕ್ಷಣವಾಗಿ ಮೂಡಿದವು. ಸೀಮೆಎಣ್ಣೆಯ ಅರಿವೆಯಿಂದ ಬೆರಳು ಉಜ್ಜಿದ. ಆಮೇಲೆ ಕೂದಲು ಹಿಡಿದು ಮುಖವನ್ನು ನೀರಿಗೆ ಅದುಮಿದ. ಆಕೆಯ ಕಾಲು ಬಹಳ ಹೊತ್ತು ಮೆಟ್ಟಿಲನ್ನು ಒದೆಯಿತು. ಅದು ನಿಂತ ಮೇಲೂ ನೂರರವರೆಗೆ ಎಣಿಸಿ, ಹೆಣವನ್ನು ಹರಿವಿಗೆ ತಳ್ಳಿ, ಕಲ್ಲಿನ ಮೇಲೆ ನೀರು ಸುರಿದು ನಡೆದ.

ಶುಕ್ರವಾರ ಹೆಣ ಸಿಕ್ಕಿತು. ಪಾಚಿಗೆ ಕಾಲು ಜಾರಿರಬೇಕು ಎಂದು ಊರೇ ಹೇಳಿತು. ಶನಿವಾರ ಸೂಗಪ್ಪ ಗಂಧ ಹಚ್ಚಿಕೊಂಡು ಬೇವಿನ ಮರದ ಬೆಂಚಿಗೆ ಹೋದ. ಸಾವಿನ ಬಗ್ಗೆ ಹೇಳಿಕೆ ಪಡೆಯಲು ಬಂದಿದ್ದ ಪಿಎಸ್‌ಐ ರೇವತಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಇದೂ ಒಳ್ಳೆಯದೇ ಆಯಿತು ಎಂದುಕೊಂಡು ಸೂಗಪ್ಪ ರಾಜಿಪತ್ರವನ್ನು ಎರಡೂ ಕೈಯಿಂದ ಕೊಟ್ಟ.

“ಪಾಪ, ಮನಸು ತಿಳಿ ಮಾಡಿಕೊಂಡು ಹೋಗ್ಯಾಳ್ರಿ.”

ರೇವತಿ ಓದಿದಳು. “ಇದನ್ನ ಮಲ್ಲಾಬಾಯಿನೇ ಒತ್ತ್ಯಾಳೇನ್ರಿ?”

“ಹೌದ್ರಿ. ಮಂಗಳವಾರ, ನನ್ನ ಕಣ್ಣ ಮುಂದ. ಬಿಕಲಂ ನಂದೇ ಐತಿ.”

“ಬ್ಯಾರೆ ಯಾರಿದ್ರು?”

“ನಾವಿಬ್ಬರೇ. ಬೇಕಂದ್ರ ಬೆರಳು ಪರೀಕ್ಷಾ ಮಾಡಸ್ರಿ.”

ರೇವತಿ ಪಿಎಸ್‌ಐಯತ್ತ ಒಮ್ಮೆ ನೋಡಿ, ಮಲ್ಲಾಬಾಯಿಯ ಕಡತ ಬಿಚ್ಚಿ ಬೆಂಚಿನ ಮೇಲೆ ತಿರುಗಿಸಿಟ್ಟಳು. ಅರ್ಜಿ, ಹೇಳಿಕೆ, ವಕಾಲತ್ತು, ಎಲ್ಲದರ ಅಡಿಯಲ್ಲೂ ಒಂದು ಮೇಲೆ ಒಂದು ಕೆಳಗೆ ಕುಣಿದ ಅದೇ ನಾಲ್ಕು ಅಕ್ಷರ: ಮಲ್ಲಾಬಾಯಿ. ಸೂಗಪ್ಪನ ಮೇಜಿನಿಂದ ಹತ್ತು ಹೆಜ್ಜೆ ದೂರದಲ್ಲಿ, ತನ್ನ ಸರದಿಗೆ ಕಾಯುತ್ತ, ಆಕೆ ಹತ್ತು ಶನಿವಾರ ಪಾಟಿಯ ಮೇಲೆ ತಿದ್ದಿದ್ದು ಅದನ್ನೇ. “ಹೆಬ್ಬೆಟ್ಟು ಒತ್ತಿ ಜಾಗ ಕಳಕೊಂಡೀನಿ, ಇನ್ನ ಸಾಯೂತನಕ ಈ ಬೆರಳಿಗೆ ಮಸಿ ಮುಟ್ಟಸಂಗಿಲ್ಲಂತ ಈ ಬೆಂಚಿನ ಮ್ಯಾಲ ಕುಂತು ಎಲ್ಲಾರ ಮುಂದ ಆಣಿ ಮಾಡಿದ್ಲ್ರಿ,” ಎಂದಳು ರೇವತಿ. “ಸಹಿ ಕಲತ ಮ್ಯಾಲ ಪಿಂಚಣಿ ತಗೊಳ್ಳಾಕೂ ಹೆಬ್ಬೆಟ್ಟು ಕೊಡಲಿಲ್ಲ. ಬೆರಳು ಆಕಿದೇ ಇರಬಹುದು ಸೂಗಪ್ಪ. ಎಚ್ಚರಿದ್ದಾಗ ಆಕಿ ಇದನ್ನ ಒತ್ತಿಲ್ಲ.” ಪಿಎಸ್‌ಐ ರಾಜಿಪತ್ರವನ್ನು ಅಂಚಿನಲ್ಲಿ ಹಿಡಿದೆತ್ತಿ, ಬಿಕಲಂ ಎಂಬುದರ ಮುಂದಿನ ಹೆಸರನ್ನು ಓದಿಕೊಂಡು, ಕುರ್ಚಿ ಹಿಂದಕ್ಕೆ ಸರಿಸಿ ಎದ್ದ.