ಗಂಗಾಧರಸ್ವಾಮಿಯವರ ಕಾಂಪೌಂಡು

ಸುಸ್ತಾಗಿತ್ತು ಕಣ್ರೀ ನನಗೆ. 2001ನೇ ಇಸವಿ, ವಯಸ್ಸು ಮೂವತ್ತೊಂದು. ಅಣ್ಣನ ಮನೆಯಲ್ಲಿ ವಾಸ, ಮುಡುಕುತೊರೆ ಕಡೆಯ ಸ್ಕೂಲಿನಲ್ಲಿ ಟೀಚರು, ಬೆಳಿಗ್ಗೆ ಏಳೂಮುಕ್ಕಾಲಿಗೆ ಬಸ್ಸು. ಹೆಣ್ಣು ನೋಡಲು ಬಂದವರಿಗೆಲ್ಲ ಉಪ್ಪಿಟ್ಟು ಮಾಡಿ ಮಾಡಿ ಕೈ ಸೋತಿತ್ತು. ಆಮೇಲೆ ಬರುವವರೂ ನಿಂತರು.

ಟಿ. ನರಸೀಪುರದ ನಮ್ಮ ಬೀದಿಯಿಂದ ಬಸ್ ಸ್ಟ್ಯಾಂಡಿಗೆ ಸುತ್ತಿ ಹೋದರೆ ಕಾಲು ಗಂಟೆ. ಗಂಗಾಧರಸ್ವಾಮಿಯವರ ಸೈಟಿನೊಳಗೆ ಹಾಯ್ದರೆ ಐದೇ ನಿಮಿಷ. ಅಷ್ಟಗಲದ ಸೈಟು, ನಡುವೆ ಒಂದು ಹೆಂಚಿನ ಮನೆ, ಸುತ್ತ ಬೇಲಿಯೂ ಇಲ್ಲ. ಗೊಬ್ಬರದ ಅಂಗಡಿಯ ಗಂಗಾಧರಸ್ವಾಮಿ ಮೂವರು ತಂಗಿಯರ ಮದುವೆ ಮಾಡುವಷ್ಟರಲ್ಲಿ ತಮ್ಮದನ್ನು ಮರೆತವರು. ಆರು ವರ್ಷದಿಂದ ದಿನಾ ನಾನು ಹಾಯುವ ಹೊತ್ತಿಗೆ ನಲ್ಲಿಯ ಹತ್ತಿರ ಹಲ್ಲುಜ್ಜುತ್ತಾ ನಿಂತಿರುತ್ತಿದ್ದರು.

"ನಿಧಾನ ಟೀಚರ್, ಬಸ್ಸಿನ್ನೂ ಬಂದಿಲ್ಲ."

"ಇಲ್ಲಿಂದ ಬಸ್ಸು ಕಾಣುತ್ತಾ ನಿಮಗೆ?"

"ಬಸ್ಸು ಕಾಣಲ್ಲ. ನೀವು ಕಾಣ್ತೀರಿ."

ಅಷ್ಟೇ ಮಾತು. ಆ ಒಂದು ನಿಮಿಷಕ್ಕಾಗಿ ನಾನು ಹಿಂದಿನ ದಿನವೇ ಸೀರೆ ಆರಿಸಿಡುತ್ತಿದ್ದೆ ಅಂದರೆ ನಗಬೇಡಿ.

ಒಂದು ಸೋಮವಾರ ನೋಡಿದರೆ ಸೈಟಿನ ಸುತ್ತ ದಾರ ಕಟ್ಟಿದ್ದಾರೆ, ಸೈಜುಗಲ್ಲು ಸುರಿದಿದ್ದಾರೆ. ನನಗೆ ಮೈಯೆಲ್ಲ ಉರಿಯಿತು.

"ಕಾಂಪೌಂಡಾ?"

"ಅವ್ವನ ಆಸೆ. ದನ ನುಗ್ತವೆ ಅಂತಾಳೆ."

"ದನದ ಜೊತೆ ನಾನೂ ನುಗ್ತಿದ್ದೆ. ತಪ್ಪಾಯ್ತು ಬಿಡಿ."

ಬಾಯಿ ತುಂಬ ನೊರೆ ಇಟ್ಟುಕೊಂಡು ಏನೋ ಹೇಳಲು ಹೋದರು, ಆಗದೆ ಕಣ್ಣಲ್ಲೇ ಬೇಡಿಕೊಂಡರು. ನಾನು ತಿರುಗಿ ನೋಡಲಿಲ್ಲ.

ಗೋಡೆ ದಿನಕ್ಕಿಷ್ಟು ಏರಿತು. ಮೊದಮೊದಲು ದಾಟಿದೆ, ಆಮೇಲೆ ಸೀರೆ ಎತ್ತಿ ಹತ್ತಿ ಇಳಿದೆ. ಹದಿನೈದನೇ ದಿನ ಹಿಂದಿನ ಮೂಲೆಯಲ್ಲಿ ಮೂರಡಿ ಸಂದು ಮಾತ್ರ ಉಳಿದಿತ್ತು. ಅದನ್ನೂ ಮುಚ್ಚಿದರೆ ನಾಳೆಯಿಂದ ಅವರ ಮುಖ ನೋಡಲು ನನಗೆ ನೆಪವೇ ಇಲ್ಲ. ಅಳು ಬಂತು, ಅಳುವುದಕ್ಕೂ ಸುಸ್ತು.

ಆ ಸಂದಿನಲ್ಲಿ ಆಗಲೇ ಜಗಳ ನಡೆದಿತ್ತು. ಗಾರೆ ಕೆಲಸದ ಸಿದ್ದಯ್ಯ ಕರಣೆ ಹಿಡಿದು ಕಾಯುತ್ತಿದ್ದ.

"ಇಲ್ಲೊಂದು ಗೇಟು ಮಡಗು ಸಿದ್ದಯ್ಯ," ಅಂದರು ಗಂಗಾಧರಸ್ವಾಮಿ.

"ನೈರುತ್ಯಕ್ಕೆ ಯಾರಾದ್ರೂ ಬಾಗ್ಲು ಮಡಗ್ತಾರ್ಲಾ? ಮನೆ ಯಜಮಾನನಿಗೆ ಆಗಲ್ಲ!" ಅವರ ತಾಯಿ ಪುಟ್ಟಬಸಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಮುಚ್ಚಿದ್ರೇನೇ ನಂಗಾಗಲ್ಲ ಕಣವ್ವ. ಟೀಚರ್ ಬರೋ ದಾರಿ ಇದು. ಅವರು ಬರ್ದೆ ಇದ್ರೆ ನಂಗೆ ಬೆಳಗೇ ಆಗಲ್ಲ."

ಹೇಳಿ ತಿರುಗಿದರೆ ಸಂದಿನಾಚೆ ನಾನು. ಪಾಪ, ಕಿವಿಯವರೆಗೂ ಕೆಂಪಾದರು.

"ನೀನೇ ಯೋಳವ್ವ," ಅಂದರು ಪುಟ್ಟಬಸಮ್ಮ. "ಒಂದು ದಾರಿಗೋಸ್ಕರ ನನ್ನ ಮಗನ ಆಯಸ್ಸು ಕೊಡ್ಲಾ?"

ಎಷ್ಟು ದಿನ ಅಂತ ಹೀಗೆ ಹಾದು ಹೋಗುವುದು? ಆರು ವರ್ಷದ ಸುಸ್ತೆಲ್ಲ ಸೇರಿ ನನಗೆ ಧೈರ್ಯ ಬಂತು.

"ಗೇಟು ಬೇಡ. ಮುಚ್ಚಿಬಿಡಿ ಸಿದ್ದಯ್ಯ."

ಗಂಗಾಧರಸ್ವಾಮಿಯವರ ಮುಖ ಬಾಡಿಹೋಯಿತು. "ಟೀಚರ್! ಮತ್ತೆ ನೀವು ಬಸ್ಸಿಗೆ?"

"ಮುಂದ್ಲ ಗೇಟಿಂದಾನೇ ಹೋಗ್ತೀನಿ. ಮನೆಯೊಳಗೆ ಇರೋಳಿಗೆ ಹಿಂದ್ಲ ದಾರಿ ಯಾಕೆ?"

ಸಿದ್ದಯ್ಯನ ಕರಣೆಯಿಂದ ಗಾರೆ ಜಾರಿ ಬಿತ್ತು. ಪುಟ್ಟಬಸಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಬಾಯಿ ಬಿಟ್ಟುಕೊಂಡು ನಿಂತಿದ್ದ ಮಗನನ್ನು ನೋಡಿದರು.

"ಅಲ್ಲೇ ನಿಂತ್ಕಬ್ಯಾಡ ಕಣವ್ವ, ಗ್ವಾಡೆ ಆಚೆಗೆ ಉಳ್ಕಬುಟ್ಟೀಯ," ಅಂದರು. "ಒಳಕ್ಕೆ ಬಾ."